ಯಂತ್ರಕ್ಕೂ ಹೊತ್ತಿಗೆ ಸರಿಯಾಗಿ ಅನ್ನ ಬೇಕು

ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟಕ್ಕೆ ಹೋದವರು ಸಾಮಾನ್ಯವಾಗಿ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯವನ್ನು ಕಂಡು, ಕೈಮುಗಿದು ಹಿಂದಿರುಗುವುದುಂಟು. ದೇವಾಲಯದ ಕಲ್ಲು ಶತಮಾನಗಳಿಂದ ಕಾದು ನಿಂತಿದೆ, ಇನ್ನೂ ಕಾಯಬಲ್ಲುದು. ಆದರೆ ಆ ಸೀಮೆಯ ಗದ್ದೆಗಳಲ್ಲಿ ಬೆಳೆಯುವ ಕಬ್ಬಿಗೆ ಅಂಥ ತಾಳ್ಮೆಯಿಲ್ಲ. ಬುಡಕ್ಕೆ ಮಚ್ಚು ಬಿದ್ದ ಗಳಿಗೆಯಿಂದಲೇ ಅದರೊಳಗಿನ ಸಿಹಿ ಸೋರತೊಡಗುತ್ತದೆ. ಹರಳುಗಟ್ಟಬಲ್ಲ ಸಕ್ಕರೆಯು ಒಡೆದು ಹರಳುಗಟ್ಟದ ಬೇರೆರಡು ಸಕ್ಕರೆಗಳಾಗುತ್ತದೆ. ನೀರಿನಂಶ ಆರಿ ತೂಕವೂ ಇಳಿಯುತ್ತದೆ. ರೈತನಿಗೆ ಹಣ ಬರುವುದು ತೂಕದ ಮೇಲೆ. ಆದುದರಿಂದ ಕಾರ್ಖಾನೆಯ ಬಾಗಿಲಲ್ಲಿ ಗಾಡಿ ನಿಂತಷ್ಟು ಹೊತ್ತೂ ಬಿಸಿಲು ಕುಡಿಯುವುದು ಕಬ್ಬಿನ ರಸವನ್ನಷ್ಟೇ ಅಲ್ಲ, ಒಂದು ಸಂಸಾರದ ವರ್ಷದ ಗಳಿಕೆಯನ್ನೂ ಹೌದು.

ಇಷ್ಟು ದೊಡ್ಡ ವ್ಯವಹಾರವು ಅಂಗೈಯಗಲದ ಒಂದು ತಗಡಿನ ಪೆಟ್ಟಿಗೆಯನ್ನು ನೆಚ್ಚಿಕೊಂಡಿದೆ ಎಂದರೆ ನಂಬುವುದು ಕಷ್ಟ. ಆದರೂ ಅದು ನಿಜ.

ಹಿಂದಿನ ಆಲೆಮನೆಯಲ್ಲಿ ಈ ಚಿಂತೆ ಇರಲಿಲ್ಲ. ಗಾಣ ತಿರುಗಿಸಲು ಎತ್ತು, ಒಲೆಗೆ ಒಣಗಿದ ಸಿಪ್ಪೆ, ಕೊಪ್ಪರಿಗೆಯ ಮುಂದೆ ಪಾಕವನ್ನು ಬಲ್ಲ ಒಬ್ಬ ಹಿರಿಯ. ಕುದಿಯುವ ರಸದ ಬಣ್ಣವನ್ನು ಅವನ ಕಣ್ಣು ಅಳೆಯುತ್ತಿತ್ತು. ತಣ್ಣೀರಿಗೆ ಬಿಟ್ಟ ಹನಿ ಉಂಡೆಗಟ್ಟಿತೆ ಇಲ್ಲವೆ ಎಂಬುದನ್ನು ಅವನ ಬೆರಳು ತಿಳಿಯುತ್ತಿತ್ತು. ಕೃಷ್ಣರಾಜಸಾಗರದ ನೀರು ನಾಲೆಯಲ್ಲಿ ಹರಿದು ಮಂಡ್ಯದ ಸೀಮೆ ಹಸುರಾದಂತೆ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ಆಗಲೂ ದೊಡ್ಡ ಯಂತ್ರಗಳ ಬಳಿ ಮನುಷ್ಯರೇ ನಿಂತು ಕವಾಟಗಳನ್ನು ತಿರುಗಿಸುತ್ತಿದ್ದರು. ಇಂದಿನ ಕಾರ್ಖಾನೆಗಳಲ್ಲಿ ಆ ಕೆಲಸದ ಬಹುಭಾಗವನ್ನು ಎಲೆಕ್ಟ್ರಾನಿಕ್ ನಿಯಂತ್ರಕಗಳು ವಹಿಸಿಕೊಂಡಿವೆ. ರಸದ ಮಟ್ಟ, ಆವಿಯ ಒತ್ತಡ, ಸಕ್ಕರೆಯನ್ನು ಕಾಕಂಬಿಯಿಂದ ಬೇರ್ಪಡಿಸುವ ತಿರುಗುಬುಟ್ಟಿಯ ವೇಗ, ಇವೆಲ್ಲವನ್ನೂ ಕ್ಷಣಕ್ಷಣಕ್ಕೂ ಗಮನಿಸಿ ಅಪ್ಪಣೆ ಕೊಡುವುದು ಕಬ್ಬಿಣದ ಬೀರುವೊಂದರೊಳಗೆ ಸಾಲಾಗಿ ಕುಳಿತ ಪಿ.ಎಲ್.ಸಿ. ಎಂಬ ಉಪಕರಣ.

ಇದರ ವಂಶಾವಳಿ ಬಹಳ ಹಳೆಯದೇನೂ ಅಲ್ಲ. 1952ರಲ್ಲಿ ಅಮೆರಿಕೆಯ ಮ್ಯಾಸಚೂಸೆಟ್ಸ್ ತಂತ್ರಶಿಕ್ಷಣ ಸಂಸ್ಥೆಯವರು, ರಂಧ್ರಗಳಿದ್ದ ಕಾಗದದ ಪಟ್ಟಿಯನ್ನು ಓದಿ ಲೋಹವನ್ನು ಕೆತ್ತುವ ಯಂತ್ರವನ್ನು ಲೋಕಕ್ಕೆ ತೋರಿಸಿದರು. 1968ರಲ್ಲಿ ರಿಚರ್ಡ್ ಮಾರ್ಲಿ ಮತ್ತು ಅವರ ಸಂಗಡಿಗರು, ನೂರಾರು ರಿಲೇಗಳ ಕೆಲಸವನ್ನು ಒಂದೇ ಪೆಟ್ಟಿಗೆಗೆ ಒಪ್ಪಿಸುವ ನಿಯಂತ್ರಕಕ್ಕೆ ಕೈಹಾಕಿದರು. ಅವರ ಸಂಸ್ಥೆಯ 84ನೆಯ ಕಾರ್ಯಯೋಜನೆಯಾದುದರಿಂದ ಅದಕ್ಕೆ 084 ಎಂದೇ ಹೆಸರಾಯಿತು. ಇತ್ತ ಬೆಂಗಳೂರಿನಲ್ಲಿ 1953ರಲ್ಲಿ ಹಿಂದೂಸ್ತಾನ್ ಮಷೀನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಲೆಯೆತ್ತಿದುವು. ಯಂತ್ರ ಮತ್ತು ಎಲೆಕ್ಟ್ರಾನಿಕ್ಸ್ ವಿದ್ಯೆಗಳು ಒಂದೇ ಊರಿನಲ್ಲಿ ನೆರೆಹೊರೆಯಾಗಿ ಬೆಳೆದುದರಿಂದಲೇ ಎರಡನ್ನೂ ಬಲ್ಲ ಕುಶಲಿಗಳ ಒಂದು ದೊಡ್ಡ ಸಮುದಾಯ ಈ ನಾಡಿಗೆ ದೊರೆತದ್ದು.

ಆದರೆ ಎಂಥ ಜಾಣ ನಿಯಂತ್ರಕವಾದರೂ ಅದಕ್ಕೆ ಉಣಿಸುವವರು ಬೇಕು. ಅದಕ್ಕೆ ಒಗ್ಗುವ ಆಹಾರವೆಂದರೆ ಅಲುಗಾಡದ, ಏರಿಳಿಯದ 24 ವೋಲ್ಟಿನ ನೇರ ವಿದ್ಯುತ್ತು. ಕಂಬದಿಂದ ಬರುವುದೋ 230 ವೋಲ್ಟಿನ, ಸೆಕೆಂಡಿಗೆ 100 ಬಾರಿ ದಿಕ್ಕು ಬದಲಿಸುವ ಪರ್ಯಾಯ ವಿದ್ಯುತ್ತು. ಇವೆರಡರ ನಡುವೆ ನಿಂತು ಅಡುಗೆ ಮಾಡಿ ಬಡಿಸುವ ಪೆಟ್ಟಿಗೆಯೇ ಪವರ್ ಸಪ್ಲೈ.

ಅದರ ಅಡುಗೆಯ ಕ್ರಮ ಸ್ವಾರಸ್ಯವಾದುದು. ಒಳಬಂದ ವಿದ್ಯುತ್ತು ಮೊದಲು ಡಯೋಡುಗಳೆಂಬ ಏಕಮುಖ ಕವಾಟಗಳನ್ನು ಹಾಯುತ್ತದೆ. ಅಲ್ಲಿಗೆ ಹಿಂದುಮುಂದಾಗಿ ಹರಿಯುವ ಚಾಳಿ ನಿಲ್ಲುತ್ತದೆ. ಆದರೂ ಸೆಕೆಂಡಿಗೆ 100 ಬಾರಿ ಅದು ಸೊನ್ನೆಗಿಳಿದು ಮೇಲೇಳುತ್ತಿರುತ್ತದೆ. ಈ ಬಿಡುವುಗಳನ್ನು ತುಂಬುವುದು ಕೆಪ್ಯಾಸಿಟರ್ ಎಂಬ ಪುಟ್ಟ ಡಬ್ಬಿ. ನಗರದ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ನಲ್ಲಿಯ ನೀರು ದಿನ ಬಿಟ್ಟು ದಿನ ಬಂದರೂ ಮನೆಯ ಕೆಲಸ ನಿಲ್ಲದಿರುವುದು ತೊಟ್ಟಿಯ ಕೃಪೆಯಿಂದ. ಕೆಪ್ಯಾಸಿಟರ್ ವಿದ್ಯುತ್ತಿನ ತೊಟ್ಟಿ. ಬಂದಾಗ ತುಂಬಿಕೊಂಡು, ಬಾರದಾಗ ಕೊಡುತ್ತದೆ. ಅನಂತರ ಆ ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕತ್ತರಿಸಿ, ಸಣ್ಣದೊಂದು ಟ್ರಾನ್ಸ್‌ಫಾರ್ಮರಿನ ಮೂಲಕ ಹಾಯಿಸಿ, ಮತ್ತೆ ನೇರಗೊಳಿಸಿ, 24 ವೋಲ್ಟಿಗೆ ತಂದು ಹೊರಗೆ ಬಡಿಸುತ್ತಾರೆ. ಅಷ್ಟು ವೇಗವಾಗಿ ಕತ್ತರಿಸುವುದರಿಂದಲೇ ಟ್ರಾನ್ಸ್‌ಫಾರ್ಮರ್ ಚಿಕ್ಕದಾಗಿ, ಹಿಂದೆ ಇಬ್ಬರು ಹೊರಬೇಕಾಗಿದ್ದ ಪೆಟ್ಟಿಗೆ ಇಂದು ಒಂದು ಕೈಗೆ ಹಗುರವಾಗಿದೆ.

ಮಂಡ್ಯ ಜಿಲ್ಲೆಯವರಿಗೆ ಈ ತೊಟ್ಟಿಯ ಮಹತ್ವವನ್ನು ತಿಳಿಸಲು ಒಂದು ಹಳೆಯ ನಿದರ್ಶನವಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜಿತವಾಗಿ, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು ಸೆಕೆಂಡಿಗೆ 25 ಆವರ್ತಗಳದು. ಸುಮಾರು 147 ಕಿಲೋಮೀಟರು ದೂರದ ಆ ಮಾರ್ಗವು ಆ ಕಾಲದ ಜಗತ್ತಿನ ಅತ್ಯಂತ ಉದ್ದದ ವಿದ್ಯುತ್ ಮಾರ್ಗಗಳಲ್ಲೊಂದು. ಗಣಿಯ ಭಾರೀ ಮೋಟಾರುಗಳಿಗೆ ಆ ನಿಧಾನದ ಏರಿಳಿತ ಹಿತವಾಗಿಯೇ ಇತ್ತು. ಇಂದಿನ ನಿಯಂತ್ರಕಕ್ಕೆ ಅದನ್ನೇ ಉಣಿಸಬೇಕಾಗಿದ್ದರೆ ಬಿಡುವಿನ ಕಾಲ ಇಮ್ಮಡಿಯಾಗಿ, ತೊಟ್ಟಿಯೂ ಇಮ್ಮಡಿ ದೊಡ್ಡದಾಗಬೇಕಾಗುತ್ತಿತ್ತು. ದೊಡ್ಡ ಯಂತ್ರಕ್ಕೆ ಶಕ್ತಿ ಬೇಕು. ಸಣ್ಣ ಬುದ್ಧಿಯಂತ್ರಕ್ಕೆ ಬೇಕಾದುದು ಸಮಾಧಾನ.

ಇನ್ನು ರೋಗದ ಮಾತು. ಪವರ್ ಸಪ್ಲೈಯ ಅಂಗಗಳಲ್ಲಿ ಮೊದಲು ಮುಪ್ಪಾಗುವುದು ಈ ಕೆಪ್ಯಾಸಿಟರೇ. ಅದರೊಳಗೆ ಅಲ್ಯುಮಿನಿಯಂ ಹಾಳೆಗಳ ನಡುವೆ ದ್ರವದಲ್ಲಿ ನೆನೆದ ಕಾಗದವಿದೆ. ಬಾಯಿಗೆ ರಬ್ಬರಿನ ಬಿರಡೆ. ಉಪ್ಪಿನಕಾಯಿಯ ಭರಣಿಗೆ ಎಷ್ಟು ಬಿಗಿಯಾಗಿ ಬಟ್ಟೆ ಕಟ್ಟಿದರೂ ವರ್ಷಗಳ ಮೇಲೆ ರಸ ಆರುವಂತೆ, ಈ ದ್ರವವೂ ಬಿರಡೆಯ ಮೂಲಕ ನಿಧಾನವಾಗಿ ಆರಿಹೋಗುತ್ತದೆ. ಕಾವು ಹೆಚ್ಚಿದಷ್ಟೂ ಬೇಗ. ಎಂಜಿನಿಯರುಗಳ ರೂಢಿಯ ಲೆಕ್ಕದಂತೆ, ಕಾವು 10 ಡಿಗ್ರಿ ಇಳಿದರೆ ಆಯುಸ್ಸು ಇಮ್ಮಡಿಯಾಗುತ್ತದೆ. 105 ಡಿಗ್ರಿ ಶಾಖದಲ್ಲಿ 2,000 ಗಂಟೆ ಬಾಳುವ ಡಬ್ಬಿಯು 65 ಡಿಗ್ರಿಯಲ್ಲಿ 32,000 ಗಂಟೆ, ಎಂದರೆ ಎಡೆಬಿಡದೆ ದುಡಿದರೆ ಮೂರೂವರೆ ವರ್ಷಕ್ಕೆ ತುಸು ಹೆಚ್ಚು. 55 ಡಿಗ್ರಿಯಲ್ಲಿ 64,000 ಗಂಟೆ, ಅಂದರೆ ಏಳು ವರ್ಷಕ್ಕೂ ಮಿಗಿಲು. ಬೀರುವಿನ ಗಾಳಿಕಿಂಡಿಗೆ ಧೂಳು ಮೆತ್ತಿ ಒಳಗಿನ ಕಾವು ಹತ್ತು ಡಿಗ್ರಿ ಏರಿದರೆ ಅರ್ಧ ಆಯುಸ್ಸು ಹೋಯಿತು. ಒಂದು ಹಿಡಿ ಧೂಳಿನ ಬೆಲೆ ಮೂರೂವರೆ ವರ್ಷ!

ಮುಪ್ಪು ಬಂದುದನ್ನು ಪೆಟ್ಟಿಗೆ ಒಮ್ಮೆಗೇ ಹೇಳುವುದಿಲ್ಲ. ನಡೆಯುತ್ತಿರುವ ಯಂತ್ರ ನಡೆಯುತ್ತಲೇ ಇರುತ್ತದೆ. ಒಮ್ಮೆ ನಿಲ್ಲಿಸಿ ತಣ್ಣಗಾದ ಮೇಲೆ ಮತ್ತೆ ಏಳುವುದಿಲ್ಲ. ಇಲ್ಲವೆ ಯಾವ ಕಾರಣವೂ ಕಾಣದೆ ನಡುರಾತ್ರಿಯಲ್ಲಿ ನಿಂತು, ಬೆಳಗ್ಗೆ ತಾನಾಗಿ ಸರಿಹೋಗುತ್ತದೆ. ಇಂಥ ಒಂದು ರಾತ್ರಿಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಊರು ಯಾವುದಾದರೇನು, ಕಾರ್ಖಾನೆ ಯಾವುದಾದರೇನು. ಅರೆಯುವ ಕಾಲದ ನಟ್ಟಿರುಳು. ಹೊರಗೆ ಕಬ್ಬಿನ ಗಾಡಿಗಳೂ ಟ್ರ್ಯಾಕ್ಟರುಗಳೂ ಸಾಲುಗಟ್ಟಿವೆ. ಒಳಗೆ ಬೀರುವಿನಲ್ಲಿ ರಿಲೇಗಳು ಚಳಿಹಿಡಿದವರ ಹಲ್ಲಿನಂತೆ ಕಟಕಟ ಎನ್ನುತ್ತಿವೆ. ತುರ್ತು ನಿಲುಗಡೆಯ ರಿಲೇ ಪದೇಪದೇ ಬಿದ್ದು ಯಂತ್ರ ನಿಲ್ಲುತ್ತಿದೆ. ತರುಣ ಎಲೆಕ್ಟ್ರೀಷಿಯನ್ನನಿಗೆ ಬೆವರು.

“ಮೇಷ್ಟ್ರೇ, ಈ ರಿಲೇಗೆ ಒಂದು ತಂತಿ ಅಡ್ಡ ಕೊಟ್ಬಿಡ್ತೀನಿ. ಬೆಳಗಿನವರ್ಗೂ ಓಡ್ಲಿ. ಆಮೇಲೆ ಕಾರ್ಡ್ ಬದಲಾಯ್ಸೋಣ,” ಎನ್ನುತ್ತಾನೆ.

ತಲೆ ನರೆತ ಹಿರಿಯ ಕೈ ಅಡ್ಡ ಹಿಡಿಯುತ್ತಾನೆ. “ತಡಿಯಪ್ಪ. ಅದು ಇನ್ನೊಬ್ಬನ ಕೈ ಉಳಿಸೋಕೆ ಇಟ್ಟಿರೋ ರಿಲೇ. ಹೊಟ್ಟೆಗಿಲ್ದೋನು ತಲೆ ತಿರುಗಿ ಬಿದ್ರೆ ತಲೆ ಕೆಟ್ಟೈತೆ ಅಂತೀಯಾ? ಮೊದ್ಲು ಅನ್ನ ಸರಿಯಾಗಿ ಬೀಳ್ತಾ ಐತಾ ನೋಡು.”

ಈ ಒಂದು ಮಾತಿನಲ್ಲಿ ಈ ವಿದ್ಯೆಯ ಅರ್ಧಭಾಗ ಅಡಗಿದೆ. ತಂತಿ ಅಡ್ಡ ಕೊಟ್ಟಿದ್ದರೆ ಗಾಡಿಗಳು ಮುಂದೆ ಸರಿಯುತ್ತಿದ್ದುವು, ನಿಜ; ಆದರೆ ಗಾಲಿಗೆ ಕೈ ಸಿಕ್ಕಿದವನು ಗುಂಡಿಯನ್ನು ಒತ್ತಿದಾಗ ಯಂತ್ರ ನಿಲ್ಲುತ್ತಿರಲಿಲ್ಲ.

ಮಲ್ಟಿಮೀಟರನ್ನು ಹಿಡಿದಾಗ 24ರ ಬದಲು 21.6 ವೋಲ್ಟು ಕಂಡಿತೆನ್ನಬಹುದು. ಇಂಥ ನಿಯಂತ್ರಕಗಳು ಸಾಮಾನ್ಯವಾಗಿ 20.4ರಿಂದ 28.8 ವೋಲ್ಟಿನವರೆಗೆ ಸಹಿಸಿಕೊಳ್ಳುವುದರಿಂದ ತರುಣನಿಗೆ ಅದು ಸಾಲದೆನಿಸುವುದಿಲ್ಲ. ಹಿರಿಯನು ಅದೇ ಮೀಟರನ್ನು ಪರ್ಯಾಯ ವಿದ್ಯುತ್ತಿನ ಕಡೆಗೆ ತಿರುಗಿಸುತ್ತಾನೆ. ಸೊನ್ನೆಯ ಬಳಿ ಇರಬೇಕಾದ ಅಂಕಿ 2 ವೋಲ್ಟು! ಮೊದಲಿನದು ಕೇವಲ ಸರಾಸರಿ. ಅದರ ಮೇಲೆ ಅಲೆಗಳು ಕುಣಿಯುತ್ತಿವೆ. ಪ್ರತಿಯೊಂದು ಅಲೆಯ ತಗ್ಗಿನಲ್ಲೂ ವಿದ್ಯುತ್ತು ಸಹಿಸುವ ಮಟ್ಟಕ್ಕಿಂತ ಕೆಳಗೆ ಹೋಗುತ್ತಿದೆ. ಸರಾಸರಿ ಒಂದು ಆಳು ಆಳದ ಹೊಳೆಯಲ್ಲಿ ಮುಳುಗಿದವನಂತೆ ಸರಾಸರಿ ವೋಲ್ಟೇಜನ್ನು ನಂಬಿದವನೂ ಮೋಸಹೋಗುತ್ತಾನೆ.

ರೋಗ ತಿಳಿಯಿತು. ಕೂಡಲೆ ಹೊಸ ಪೆಟ್ಟಿಗೆಯನ್ನು ಕೂರಿಸಿದರಾಯಿತು ಎಂದು ಅವಸರಪಡುವಂತಿಲ್ಲ. ಕ್ರಮವನ್ನು ತಪ್ಪಿಸಿದವರು ಪರಿತಪಿಸಿದ ಪ್ರಸಂಗಗಳಿಗೆ ಕೊರತೆಯಿಲ್ಲ.

ಮೊದಲನೆಯದು ನೆನಪಿನ ಪ್ರಶ್ನೆ. ಅನೇಕ ಹಳೆಯ ನಿಯಂತ್ರಕಗಳು ತಮ್ಮ ಕಾರ್ಯಕ್ರಮವನ್ನೂ ಅಳತೆಗಳನ್ನೂ ಒಂದು ಪುಟ್ಟ ಲಿಥಿಯಂ ಬ್ಯಾಟರಿಯ ಆಸರೆಯಲ್ಲಿ ನೆನಪಿಟ್ಟುಕೊಂಡಿರುತ್ತವೆ. ಆ ಬ್ಯಾಟರಿ ಎಂದೋ ಸತ್ತಿದ್ದು, ಇಷ್ಟು ದಿನ ಪವರ್ ಸಪ್ಲೈಯೇ ನೆನಪನ್ನು ಕಾಯುತ್ತಿದ್ದರೆ, ಗುಂಡಿ ಆರಿಸಿದ ಕ್ಷಣದಲ್ಲಿ ಯಂತ್ರವು ತನ್ನ ಹೆಸರನ್ನೇ ಮರೆಯುತ್ತದೆ. ಆಗ ಪೆಟ್ಟಿಗೆ ಹೊಸದಾಗಿದ್ದರೂ ಪ್ರಯೋಜನವಿಲ್ಲ. ಆದಕಾರಣ ಆರಿಸುವ ಮುನ್ನ ಆ ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಬೇಕು. ಬ್ಯಾಟರಿಯ ಸ್ಥಿತಿಯನ್ನು ನೋಡಬೇಕು. ಬ್ಯಾಟರಿ ಬದಲಿಸುವುದಾದರೆ, ತಯಾರಕರು ಹೇಳಿದ ಪ್ರಕಾರ, ಬಹುಮಟ್ಟಿಗೆ ವಿದ್ಯುತ್ತು ಇರುವಾಗಲೇ ಬದಲಿಸಬೇಕು.

ಎರಡನೆಯದು ಪ್ರಾಣದ ಪ್ರಶ್ನೆ. ಮುಖ್ಯ ಸ್ವಿಚ್ಚನ್ನು ಇಳಿಸಿ, ಅದಕ್ಕೆ ಬೀಗ ಹಾಕಿ, ಕೀಲಿಯನ್ನು ಕೆಲಸಗಾರ ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. “ಕೆಲಸ ನಡೆದಿದೆ” ಎಂಬ ಚೀಟಿಯನ್ನು ತೂಗುಹಾಕಬೇಕು. ಅಷ್ಟಾದರೂ ಕೈಯಿಡಬಾರದು. 230 ವೋಲ್ಟಿನ ಪರ್ಯಾಯ ವಿದ್ಯುತ್ತು ತನ್ನ ಶಿಖರದಲ್ಲಿ 325 ವೋಲ್ಟು ಇರುವುದರಿಂದ ಒಳಗಿನ ತೊಟ್ಟಿ ಆ ಮಟ್ಟಕ್ಕೆ ತುಂಬಿರುತ್ತದೆ. ನಲ್ಲಿ ನಿಂತರೂ ತೊಟ್ಟಿ ಬರಿದಾಗಿರುವುದಿಲ್ಲ. ಪೆಟ್ಟಿಗೆಯ ಮೇಲೆ ಬರೆದಷ್ಟು ನಿಮಿಷ ಕಾದು, ಮೀಟರಿನಿಂದ ನೋಡಿ, ಅನಂತರವೇ ಮುಟ್ಟುವುದು. ಮನೆಯ ಟೆಲಿವಿಷನ್, ಕಂಪ್ಯೂಟರುಗಳೊಳಗೂ ಇಂಥದೇ ಪೆಟ್ಟಿಗೆ ಇರುವುದರಿಂದ, ಕುತೂಹಲದ ಬಾಲಕರು ತಿರುಪು ಬಿಚ್ಚಲು ಹೊರಟಾಗ ತಾಯ್ತಂದೆಯರು ಇದನ್ನು ನೆನಪಿಡುವುದು ಒಳಿತು. ಪ್ಲಗ್ಗನ್ನು ಕಿತ್ತಿದ್ದೇನಲ್ಲ ಎಂಬ ಧೈರ್ಯ ಇಲ್ಲಿ ಸಲ್ಲದು.

ಮೂರನೆಯದು ಕಾರಣದ ಪ್ರಶ್ನೆ. ಪೆಟ್ಟಿಗೆ ಮುಪ್ಪಿನಿಂದ ಸೋತಿತೋ, ಅಥವಾ ಅದರಿಂದ ಉಣ್ಣುವವರಲ್ಲಿ ಯಾರಾದರೂ ಅತಿಯಾಗಿ ಎಳೆದು ಸೋಲಿಸಿದರೋ? ಎಲ್ಲೋ ಒಂದು ಕಡೆ ತಂತಿಯ ಹೊದಿಕೆಯನ್ನು ಇಲಿ ಕಡಿದು ಎರಡೂ ಎಳೆಗಳು ಕೂಡಿಕೊಂಡಿದ್ದರೆ ಹೊಸ ಪೆಟ್ಟಿಗೆಗೂ ಅದೇ ಗತಿ. ಆದ್ದರಿಂದ ಹೊರಹೋಗುವ ತಂತಿಗಳನ್ನು ಕಳಚಿ, ಭಾರದ ಕಡೆ ಧನ ಋಣಗಳು ಕೂಡಿಲ್ಲವೆಂದು ಅಳೆದು ನೋಡಬೇಕು. ಕಳಚುವ ಮುನ್ನ ಪ್ರತಿಯೊಂದು ತಂತಿಗೂ ಗುರುತಿನ ಚೀಟಿ ಕಟ್ಟಿ ಚಿತ್ರ ತೆಗೆದುಕೊಳ್ಳಬೇಕು. ನಡುರಾತ್ರಿಯ ನೆನಪನ್ನು ಬೆಳಗಿನ ಜಾವ ನಂಬುವಂತಿಲ್ಲ.

ಇನ್ನು ಹೊಸದರ ಆಯ್ಕೆ. ವೋಲ್ಟೇಜು ಒಂದೇ ಆದರೆ ಸಾಲದು. ಎಷ್ಟು ಆಂಪಿಯರು ಬಡಿಸಬಲ್ಲುದೆಂಬುದನ್ನು ನೋಡಬೇಕು. ಎಲ್ಲ ಭಾರವೂ ಕೂಡಿ 6 ಆಂಪಿಯರು ಆದರೆ 10 ಆಂಪಿಯರಿನ ಪೆಟ್ಟಿಗೆ ಹಾಕುವುದು ಜಾಣತನ. ಉಸಿರುಗಟ್ಟಿ ದುಡಿಯದವನು ಬಹುಕಾಲ ಬಾಳುತ್ತಾನೆ. ಕೆಲವು ಹಳೆಯ ಯಂತ್ರಗಳಿಗೆ 24 ಮಾತ್ರವಲ್ಲದೆ 5 ಮತ್ತು 12 ವೋಲ್ಟುಗಳೂ, “ಎಲ್ಲ ಸರಿಯಿದೆ” ಎಂದು ತಿಳಿಸುವ ಒಂದು ಸೂಚನೆಯೂ ಗೊತ್ತಾದ ಕ್ರಮದಲ್ಲಿ ಬರಬೇಕು. ಅಂಥವಕ್ಕೆ ಅಂಗಡಿಯ ಸಿದ್ಧಪೆಟ್ಟಿಗೆ ಒಗ್ಗುವುದಿಲ್ಲ. ಹಳೆಯದನ್ನೇ ಬಿಚ್ಚಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಸಾಲಿನಲ್ಲಿ ಬಿಡಿಭಾಗಗಳನ್ನು ಹುಡುಕಿ, ಒಂದೊಂದಾಗಿ ಬೆಸುಗೆ ಹಾಕಿ ಬದುಕಿಸುವ ಕುಶಲಿಗಳನ್ನು ಆಶ್ರಯಿಸಬೇಕು. ಉಗ್ರಾಣದಲ್ಲಿ ಹತ್ತು ವರ್ಷದಿಂದ ಇಟ್ಟ “ಹೊಸ” ಪೆಟ್ಟಿಗೆಯನ್ನೂ ಕಣ್ಣುಮುಚ್ಚಿ ನಂಬಬಾರದು. ಕೆಲಸವಿಲ್ಲದೆ ಕುಳಿತ ಕೆಪ್ಯಾಸಿಟರಿನೊಳಗಿನ ಕಾಪುಪೊರೆ ಸವೆದಿರುತ್ತದೆ. ನಿಧಾನವಾಗಿ ವೋಲ್ಟೇಜು ಏರಿಸಿ ಅದನ್ನು ಮತ್ತೆ ಕಟ್ಟಬೇಕಾಗುತ್ತದೆ. ದುಡಿದು ಸವೆಯುವುದುಂಟು, ದುಡಿಯದೆ ಸವೆಯುವುದೂ ಉಂಟು.

ಕೂರಿಸಿದ ಮೇಲೆ ಮೇಲೂ ಕೆಳಗೂ ಗಾಳಿಯಾಡಲು ಜಾಗ ಬಿಡಬೇಕು. ಮೊದಲು ಭಾರವಿಲ್ಲದೆ ವಿದ್ಯುತ್ತು ಕೊಟ್ಟು, ಪುಟ್ಟ ತಿರುಪಿನಿಂದ ಸರಿಯಾಗಿ 24ಕ್ಕೆ ನಿಲ್ಲಿಸಿ, ಆರಿಸಿ, ಧನ ಋಣಗಳನ್ನು ಎರಡು ಬಾರಿ ನೋಡಿ ತಂತಿಗಳನ್ನು ಜೋಡಿಸಬೇಕು. ಇಲ್ಲಿ ಒಂದು ತಂತಿ ಅದಲುಬದಲಾದರೆ, ಕೆಲವು ಸಾವಿರ ರೂಪಾಯಿಯ ಪೆಟ್ಟಿಗೆಯನ್ನು ಬದಲಿಸಲು ಹೋಗಿ ಲಕ್ಷಗಟ್ಟಲೆಯ ನಿಯಂತ್ರಕವನ್ನೇ ಸುಟ್ಟಂತಾದೀತು. ಕೊನೆಗೆ, ಬೀರುವಿನ ಬಳಿಯಲ್ಲಷ್ಟೇ ಅಲ್ಲ, ದೂರದ ತುದಿಯಲ್ಲೂ ಅಳೆಯಬೇಕು. ಪಂಕ್ತಿಯ ಕೊನೆಯವನಿಗೂ ಅನ್ನ ತಲುಪಿತೆ ಎಂದು ಬಡಿಸುವವನು ನೋಡುವಂತೆ. ಅದಾದ ಮೇಲೆ ತುರ್ತು ನಿಲುಗಡೆಯ ಗುಂಡಿಗಳನ್ನು ಒಂದೊಂದಾಗಿ ಒತ್ತಿ ಯಂತ್ರ ನಿಲ್ಲುವುದನ್ನು ಕಣ್ಣಾರೆ ಕಂಡು, ಆಮೇಲೆ ಯಂತ್ರವನ್ನು ಕೆಲಸಕ್ಕೆ ಬಿಡಬೇಕು.

ಇಷ್ಟೆಲ್ಲ ನಡೆದು ಗಾಲಿಗಳು ತಿರುಗಿದಾಗ ಕಲ್ಪನೆಯ ಆ ಕಾರ್ಖಾನೆಯಲ್ಲಿ ಮೂಡಲು ಬೆಳ್ಳಗಾಗಿರುತ್ತದೆ. ಹೊರಗೆ ತೂಕಡಿಸುತ್ತಿದ್ದ ರೈತ ಟ್ರ್ಯಾಕ್ಟರಿನ ಸದ್ದಿಗೆ ಎಚ್ಚೆತ್ತು ಒಂದು ಮಾರು ಮುಂದೆ ಸರಿಯುತ್ತಾನೆ. ಕಳೆದ ಗಂಟೆಗಳಲ್ಲಿ ಆರಿದ ರಸ ಅವನಿಗೆ ಮರಳಿ ಬಾರದು. ಅದನ್ನು ಉಳಿಸುವ ದಾರಿ ಆ ರಾತ್ರಿಯಲ್ಲಿರಲಿಲ್ಲ, ಹಿಂದಿನ ಮಳೆಗಾಲದಲ್ಲಿತ್ತು. ಅರೆಯುವುದು ನಿಂತು ಕಾರ್ಖಾನೆ ಬಿಡುವಾಗಿದ್ದಾಗ ಗಾಲಿ, ಗಾಣದ ಉರುಳೆ, ಕವಾಟಗಳೆಲ್ಲವನ್ನೂ ಬಿಚ್ಚಿ ತೊಳೆದು ಎಣ್ಣೆ ಹಾಕಿರುತ್ತಾರೆ. ಬೀರುವಿನ ಮೂಲೆಯಲ್ಲಿ ಹಸುರು ದೀಪ ಉರಿಸುತ್ತ ಕುಳಿತ ಪೆಟ್ಟಿಗೆಯತ್ತ ಯಾರೂ ನೋಡಿರುವುದಿಲ್ಲ. ದೀಪ ಉರಿಯುತ್ತಿತ್ತಲ್ಲ! ಆಯುಸ್ಸಿನ ಲೆಕ್ಕ ಹಾಕಿ, ಕೆಡುವ ಮುನ್ನವೇ ಬದಲಿಸಿದ್ದರೆ ಅದು ಒಂದು ಮಧ್ಯಾಹ್ನದ ಕೆಲಸವಾಗುತ್ತಿತ್ತು. ಎರಡು ಪೆಟ್ಟಿಗೆಗಳನ್ನು ಜೊತೆಯಾಗಿ ಹೂಡಿ, ಒಂದು ಸೋತರೆ ಇನ್ನೊಂದು ಹೊರುವಂತೆಯೂ, ಸೋತುದನ್ನು ಕೂಗಿ ಹೇಳುವಂತೆಯೂ ಮಾಡುವ ಏರ್ಪಾಟೂ ಉಂಟು. ನೊಗಕ್ಕೆ ಎರಡು ಎತ್ತು ಕಟ್ಟುವ ನಾಡಿನಲ್ಲಿ ಈ ಬುದ್ಧಿಯನ್ನು ಯಾರೂ ಹೊರಗಿನಿಂದ ತಂದುಕೊಡಬೇಕಾಗಿಲ್ಲ.

ಬೀರುವಿನ ಬಾಗಿಲು ಮುಚ್ಚುವ ಮುನ್ನ ಆ ಹಿರಿಯ ಇನ್ನೊಂದು ಕೆಲಸ ಮಾಡುತ್ತಾನೆ. ಜೇಬಿನಿಂದ ಶಾಯಿಯ ಕಡ್ಡಿ ತೆಗೆದು ತರುಣನ ಕೈಗೆ ಕೊಡುತ್ತಾನೆ. “ತಾರೀಖು ಬರೀಪ್ಪ, ದಪ್ಪಗೆ. ಮುಂದಕ್ಕೆ ನೀನೇ ನೋಡ್ಬೇಕಾಗ್ತದೆ.”

ತರುಣನು ಹೊಸ ಪೆಟ್ಟಿಗೆಯ ಪಕ್ಕೆಯ ಮೇಲೆ ದಿನ, ತಿಂಗಳು, ವರ್ಷವನ್ನು ಬರೆಯುತ್ತಾನೆ.